ಸಹಿ ಹಾಕಿದವನು ಮೊದಲು ಹತ್ತಬೇಕು

ಸೆಪ್ಟೆಂಬರ್ ೧, ಸೋಮವಾರ

ಯಾರಿಗಾದರೂ ಹೇಳದಿದ್ದರೆ ತಲೆ ಸಿಡಿಯುತ್ತದೆ, ಹೇಳಿದರೆ ಕೆಲಸ ಹೋಗುತ್ತದೆ. ಅದಕ್ಕೇ ಕಾಗದಕ್ಕೆ ಹೇಳುತ್ತಿದ್ದೇನೆ. ಕೂತಿರುವುದು ಒಂಬತ್ತು ಮಹಡಿಯ ಕಟ್ಟಡವೊಂದರ ತಾರಸಿಯಲ್ಲಿ, ಲಿಫ್ಟಿನ ಮೋಟಾರು ಕೋಣೆಯೊಳಗೆ, ಟೂಲ್ ಬಾಕ್ಸಿನ ಮೇಲೆ. ಊಟದ ಡಬ್ಬಿ ಇನ್ನೂ ತೆರೆದಿಲ್ಲ.

ಬೆಳಿಗ್ಗೆ ಆಫೀಸಿನಲ್ಲಿ ಉದ್ದಣ್ಣ ಒಂದು ಸುದ್ದಿ ತಂದ. ಉದ್ದಣ್ಣ ನನ್ನ ಜೊತೆಯ ಮೆಕ್ಯಾನಿಕ್ಕು. ಬಾಗಿಲು ಕಂಡಲ್ಲೆಲ್ಲ ತಲೆ ಬಗ್ಗಿಸಬೇಕಾದವನು, ಅದಕ್ಕೇ ಆ ಹೆಸರು. ಬೇರೆ ಯಾವುದೋ ಕಂಪನಿಯವರು ನೋಡಿಕೊಳ್ಳುತ್ತಿದ್ದ ಲಿಫ್ಟಿನ ಹಗ್ಗ ಕಿತ್ತು ಒಬ್ಬನ ಎರಡೂ ಕಾಲು ಮುರಿದಿವೆಯಂತೆ. "ಹಗ್ಗ ಕಿತ್ರೂ ದವಡೆ ಹಿಡೀಬೇಕಿತ್ತಲ್ಲ. ತುಕ್ಕು ಹಿಡಿದು ಕೂತಿತ್ತಂತೆ. ಟೆಸ್ಟೇ ಮಾಡದೆ ಯಾವನೋ ಪುಣ್ಯಾತ್ಮ ಸಹಿ ಹಾಕಿದ್ನಂತೆ," ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಲೋಟ ಕೆಳಗಿಟ್ಟೆ.

ಬರೆದುಬಿಡುತ್ತೇನೆ. ಹೋದ ನವೆಂಬರಿನಲ್ಲಿ ಕಣ್ಣಾಸ್ಪತ್ರೆಯ ಲಿಫ್ಟಿನ ವರ್ಷದ ಪರೀಕ್ಷೆ ನನ್ನ ಪಾಲಿಗೆ ಬಂದಿತ್ತು. ಲಿಫ್ಟಿನ ತಳದಲ್ಲಿ ಎಡಕ್ಕೊಂದು ಬಲಕ್ಕೊಂದು ಉಕ್ಕಿನ ದವಡೆ ಇರುತ್ತದೆ. ಹಗ್ಗ ಕಿತ್ತು ಜನ ನಿಲ್ಲುವ ಪೆಟ್ಟಿಗೆ ಬೀಳತೊಡಗಿದರೆ ಅವು ಪಕ್ಕದ ಕಂಬಿಗಳನ್ನು ಕಚ್ಚಿ ಹಿಡಿಯಬೇಕು. ಹಿಡಿಯುತ್ತವೆಯೇ ಎಂದು ನೋಡಲು ಪೆಟ್ಟಿಗೆ ತುಂಬ ಮರಳಿನ ಮೂಟೆ ಹೇರಬೇಕು, ಅರ್ಧ ದಿನ ಲಿಫ್ಟು ನಿಲ್ಲಿಸಬೇಕು, ಜೊತೆಗೊಬ್ಬನನ್ನು ಕರೆಸಬೇಕು. ನಾನು ಟಾರ್ಚು ಹಿಡಿದು ಕೆಳಗಿನ ಗುಂಡಿಗೆ ಇಳಿದೆ. ಬಲಗಡೆಯ ದವಡೆಗೆ ಕೆಂಪಗೆ ತುಕ್ಕು ಹತ್ತಿತ್ತು. ನಾಳೆ ಬಂದು ಮಾಡಿದರಾಯಿತು ಎಂದುಕೊಂಡು, 'ಪರೀಕ್ಷಿಸಲಾಗಿದೆ' ಎಂಬಲ್ಲಿ ಸಹಿ ಹಾಕಿ ಹೊರಟೆ. ಆ ನಾಳೆ ಬರಲೇ ಇಲ್ಲ. ಮರುವಾರ ನನ್ನನ್ನು ಬೇರೆ ಬೀದಿಗಳಿಗೆ ಹಾಕಿದರು, ಮರೆತೆ. ನಿಜವಾಗಿ ಮರೆತೆನೋ, ಮರೆತವನ ಹಾಗೆ ಇದ್ದೆನೋ, ನನಗೇ ಗೊತ್ತಿಲ್ಲ.

ನನಗೆ ಕೆಲಸ ಕಲಿಸಿದ ಮೇಸ್ತ್ರಿ, ತೀರಿಕೊಂಡು ಆರು ವರ್ಷವಾಯಿತು, ಒಂದು ನಿಯಮ ಇಟ್ಟಿದ್ದರು: ಸಹಿ ಹಾಕಿದವನು ಮೊದಲು ಹತ್ತಬೇಕು. ತುತ್ತತುದಿಯಿಂದ ತಳದವರೆಗೆ, ಒಬ್ಬನೇ. ಆಮೇಲೆ ಜನ. ಅವತ್ತೂ ನಾನು ಹತ್ತಿದೆ, ಸುಖವಾಗಿ ಇಳಿದೆ. ಹಗ್ಗ ಗಟ್ಟಿಯಿರುವವರೆಗೆ ದವಡೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಐದು ಮಹಡಿ. ಹತ್ತು ತಿಂಗಳು. ಈಗ ಸತ್ತರೆ ನನ್ನ ಗತಿ ಏನು?

ಸೆಪ್ಟೆಂಬರ್ ೩, ಬುಧವಾರ

ಆಂಬ್ಯುಲೆನ್ಸ್ ಕೂಗಿದರೆ ಸಾಕು, ಜೀವ ಬಾಯಿಗೆ ಬರುತ್ತದೆ. ಇವತ್ತು ಮೂರು ಸಲ ಕೂಗಿತು. ಮೂರು ಸಲವೂ ಕಿಟಕಿಗೆ ಹೋಗಿ ಯಾವ ಕಡೆ ತಿರುಗಿತು ಎಂದು ನೋಡಿದೆ. ಕಣ್ಣಾಸ್ಪತ್ರೆಗೆ ಆಂಬ್ಯುಲೆನ್ಸ್ ಹೋಗುವುದೇ ಅಪರೂಪ. ಹೋದರೆ ಅದು ನನ್ನ ದೆಸೆಯಿಂದಲೇ ಇರಬೇಕು.

ಆ ಬೀದಿ ಈಗ ಉದ್ದಣ್ಣನದು. ಬರುವ ನವೆಂಬರಿನಲ್ಲಿ ಅವನು ಪರೀಕ್ಷೆ ಮಾಡುತ್ತಾನೆ, ತುಕ್ಕು ಕಂಡರೆ ಹೊಸ ದವಡೆ ಹಾಕುತ್ತಾನೆ, ಅಲ್ಲಿಗೆ ಎಲ್ಲ ಮುಗಿಯುತ್ತದೆ. ಇನ್ನು ಎರಡು ತಿಂಗಳು ಯಾರಿಗೂ ಏನೂ ಆಗದಿದ್ದರೆ ಸಾಕು. ಈಗ ಬಾಯಿಬಿಟ್ಟರೆ ಸಹಿ ಹಾಕುವ ಪರವಾನಗಿ ಕಿತ್ತುಕೊಳ್ಳುತ್ತಾರೆ. ಪೊಲೀಸರಿಗೆ ಕೊಟ್ಟರೂ ಕೊಟ್ಟಾರು. ಇಪ್ಪತ್ತೆರಡು ವರ್ಷದ ಹೆಸರು ಒಂದು ಮಧ್ಯಾಹ್ನಕ್ಕೆ ಮಣ್ಣುಪಾಲು.

ಮೋಟಾರು ಕೋಣೆಯ ಬಾಗಿಲು ಹಾಕಿಕೊಂಡು ಮೊಣಕಾಲೂರಿದೆ. ಹಗ್ಗಕ್ಕೋಸ್ಕರ ಪ್ರಾರ್ಥನೆ ಮಾಡಿದವನು ಲೋಕದಲ್ಲಿ ನಾನೊಬ್ಬನೇ ಇರಬೇಕು. ಒಳ್ಳೆಯ ಉಕ್ಕಿನ ಹಗ್ಗ ಸ್ವಾಮಿ, ನವೆಂಬರಿನ ತನಕ ತಡೆಯುವ ಹಾಗೆ ಮಾಡು, ಅಂದೆ. ಮೊಣಕಾಲಿಗೆ ಗ್ರೀಸು ಹತ್ತಿತು.

ಸೆಪ್ಟೆಂಬರ್ ೪, ಗುರುವಾರ

ನಮ್ಮ ಚರ್ಚಿನ ಸಭಾಪಾಲಕರ ಮನೆಗೆ ಹೋಗಿದ್ದೆ.

ಮದುವೆಯಾದ ಮೇಲೆ ನಾನು ಹೆಂಡತಿಯ ಸಭೆಗೆ ಸೇರಿದವನು. ಅಲ್ಲಿ ನಂಬಿಕೆಯೇ ಎಲ್ಲ. ಮನುಷ್ಯ ಎಷ್ಟು ಒಳ್ಳೆಯದು ಮಾಡಿದರೂ ರಕ್ಷಣೆಯನ್ನು ದುಡಿದು ಪಡೆಯಲಾರ, ಕೃಪೆಯಿಂದ ಕೊಟ್ಟದ್ದನ್ನು ಕೈಚಾಚಿ ತೆಗೆದುಕೊಳ್ಳಬೇಕು ಅಷ್ಟೆ. ಅಕ್ಕ ಮಾತ್ರ ಅಪ್ಪ ಅಮ್ಮನ ಹಳೆಯ ಸಭೆಯಲ್ಲೇ ಉಳಿದಳು. ಅವರ ಪ್ರಕಾರ ಬರೀ ನಂಬಿಕೆ ಸಾಲದು, ಜೊತೆಗೆ ಸತ್ಕ್ರಿಯೆಯೂ ಬೇಕು. ಇಪ್ಪತ್ತು ವರ್ಷದಿಂದ ನನ್ನ ಹೆಂಡತಿ ಮತ್ತು ಅಕ್ಕ ಊಟದ ಮೇಜಿನ ಮೇಲೆ ಇದನ್ನೇ ಎಳೆದಾಡುತ್ತಾರೆ. ನಾನು ಮಧ್ಯದಲ್ಲಿ ಕೂತು ಉಪ್ಪಿನ ಡಬ್ಬಿ ದಾಟಿಸುತ್ತೇನೆ.

"ಒಬ್ಬ ಮನುಷ್ಯ ಒಂದು ತಪ್ಪು ಮಾಡಿದಾನೆ ಅಂದ್ಕೊಳ್ಳಿ, ಅಯ್ಯನವರೇ," ಎಂದು ಶುರು ಮಾಡಿದೆ.

"ಒಬ್ಬ ಮನುಷ್ಯ ಅಂದ್ರೆ ನೀವು ತಾನೆ?" ಎಂದು ನಕ್ಕರು. "ಪಶ್ಚಾತ್ತಾಪ ಇದೆಯಾ?"

"ಹೊಟ್ಟೆ ತುಂಬ ಇದೆ. ಊಟಕ್ಕೇ ಜಾಗ ಇಲ್ಲ."

"ನಂಬಿಕೆ?"

"ಇದೆ."

"ಹಾಗಾದ್ರೆ ಮುಗೀತಲ್ಲ. ನಮ್ಮ ಸ್ವಾಮಿಯ ಪಕ್ಕದ ಶಿಲುಬೆ ಮೇಲಿದ್ದ ಕಳ್ಳ ಯಾವ ಸತ್ಕ್ರಿಯೆ ಮಾಡಿದ್ದ? ನಂಬಿದ, ಅವತ್ತೇ ಪರಲೋಕಕ್ಕೆ ಹೋದ. ನೀವು ಅದಕ್ಕೆ ಸೇರಿಸೋದು ಏನೂ ಇಲ್ಲ."

ತಪ್ಪು ಏನೆಂದು ಅವರು ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು. ದಾರಿಯುದ್ದಕ್ಕೂ ಕಳ್ಳ, ಕಳ್ಳ ಎಂದುಕೊಳ್ಳುತ್ತ ಹಗುರಾಗಿ ನಡೆದುಬಂದೆ.

ಸೆಪ್ಟೆಂಬರ್ ೫, ಶುಕ್ರವಾರ

ಚೆನ್ನಾಗಿ ನಿದ್ದೆ ಬಂತು. ಎರಡು ಡಬ್ಬಿ ಊಟ ಮಾಡಿದೆ.

ಸೆಪ್ಟೆಂಬರ್ ೭, ಭಾನುವಾರ

ಮೂರು ದಿನವೂ ಬಾಳಲಿಲ್ಲ ಆ ಸಮಾಧಾನ. ಆರಾಧನೆಯಲ್ಲಿ ಹಾಡಲು ಎದ್ದಾಗ ನನ್ನ ಮುಂದಿನ ಬೆಂಚಿನಲ್ಲಿ ಒಬ್ಬಾಕೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ನಿಂತಿದ್ದರು. ಕಣ್ಣಾಸ್ಪತ್ರೆಯ ಐದನೆಯ ಮಹಡಿಯಿಂದ ಇಳಿದುಬಂದವರು. ನನ್ನ ಲಿಫ್ಟಿನಲ್ಲಿ. ಹಾಡದೆ ಬರೀ ಬಾಯಿ ಆಡಿಸಿದೆ. ಕ್ಷಮೆ ಸಿಕ್ಕಿದ್ದರೆ ಈ ನಡುಕ ಏಕೆ? ನಡುಕ ಇದ್ದರೆ ನಂಬಿಕೆಯೇ ಇಲ್ಲವೆಂದು ಅರ್ಥವೇ? ನಂಬಿಕೆಯೂ ಇಲ್ಲ ಎಂದರೆ ನನ್ನ ಕೈಯಲ್ಲಿ ಉಳಿದದ್ದು ಏನು?

ಸಂಜೆ ಅಕ್ಕ ಬಂದಿದ್ದಳು. ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು, ಈಗಲೂ ಎದುರಿಗಿರುವವರಿಗೆಲ್ಲ ಹೇಳುತ್ತಾಳೆ. ನಾನೇ ವಿಷಯ ತೆಗೆದೆ.

"ಬರೀ ನಂಬಿದೀನಿ ಅಂತ ಗಿಳೀನೂ ಹೇಳುತ್ತೆ. ನಂಬಿದೋನು ಮಾಡ್ತಾನೆ," ಅಂದಳು ಅಕ್ಕ.

"ಮಾಡಿದ್ದಕ್ಕೆ ಸಿಗೋದಾದ್ರೆ ಅದು ಕೂಲಿ ಆಯ್ತು, ಕೃಪೆ ಹೇಗಾಗುತ್ತೆ ಅತ್ತಿಗೆ?" ಅಂದಳು ನನ್ನ ಹೆಂಡತಿ.

ಎಂದಿನಂತೆ ಹತ್ತಿಕೊಂಡಿತು. ನಾನು ಉಪ್ಪು ದಾಟಿಸಲಿಲ್ಲ. ಅಕ್ಕ ಹೇಳುವುದೇ ಸರಿಯಿರಬಹುದು. ಹಾಗಿದ್ದರೆ ಒಳ್ಳೆಯದು, ನನಗೆ ಕೈಕಾಲು ಗಟ್ಟಿಯಾಗಿವೆ. ಮಾಡುತ್ತೇನೆ.

ಸೆಪ್ಟೆಂಬರ್ ೧೦, ಬುಧವಾರ

ಸೋಮವಾರ ಪಕ್ಕದ ಮನೆಯ ಗೇಟಿನ ಕೀಲು ಸರಿಮಾಡಿದೆ, ಹಾಗೇ ಅವರ ಬೇಲಿಗೂ ಬಣ್ಣ ಬಳಿದೆ. ಅವರು ಕೇಳಿರಲಿಲ್ಲ. ನಿನ್ನೆ ರಕ್ತ ಕೊಟ್ಟು ಬಂದೆ. ಅಲ್ಲಿಂದ ಸಭೆಯ ದೇವಾಲಯಕ್ಕೆ ಹೋಗಿ ಸೋರುವ ನಲ್ಲಿಗಳಿಗೆಲ್ಲ ಹೊಸ ವಾಷರು ಹಾಕಿದೆ. ಇವತ್ತು ಕೆಲಸ ಮುಗಿಸಿ, ಮಂಡಿ ಮುರಿದುಕೊಂಡು ಮಲಗಿರುವ ಹಳೆಯ ಪೋಸ್ಟ್‌ಮನ್ನರ ಬಳಿ ಕೂತು ಅವರ ಮಿಲಿಟರಿ ಕಥೆ ಎರಡು ಗಂಟೆ ಕೇಳಿದೆ. ಅವರು ಮಿಲಿಟರಿಗೆ ಸೇರಿರಲೇ ಇಲ್ಲ.

"ಏನ್ರೀ, ಸ್ವರ್ಗಕ್ಕೆ ಅರ್ಜಿ ಹಾಕಿದೀರಾ?" ಅಂದಳು ಹೆಂಡತಿ. "ಊರಿಗೆ ಉಪಕಾರಿ, ಮನೆಗೆ ಮಾರಿ. ನಮ್ಮನೆ ಬಾತ್‌ರೂಮಿನ ಚಿಲಕ ಬಿದ್ದು ಎರಡು ತಿಂಗಳಾಯ್ತು."

ಚಿಲಕವನ್ನೂ ಹಾಕಿದೆ. ಒಂದೊಂದು ಕೆಲಸ ಮುಗಿದಾಗಲೂ ಅರ್ಧ ಗಂಟೆ ಎದೆ ತಣ್ಣಗಿರುತ್ತದೆ. ಆಮೇಲೆ ಮತ್ತೆ ಅದೇ ಕೆಂಪು ತುಕ್ಕು ಕಣ್ಣಮುಂದೆ. ಇನ್ನೆಷ್ಟು ಮಾಡಿದರೆ ಸಾಕಾಗುತ್ತದೆ ಎಂದು ಯಾರೂ ಹೇಳುವುದಿಲ್ಲ. ಈಗ ಸತ್ತರೆ ನನ್ನ ಗತಿ ಏನು?

ಸೆಪ್ಟೆಂಬರ್ ೧೨, ಶುಕ್ರವಾರ

ತಡೆಯಲಾರದೆ ಕಣ್ಣಾಸ್ಪತ್ರೆಗೆ ಹೋದೆ. ನೋಡಿ ಏನು ಮಾಡಬೇಕೆಂದು ಹೋದೆನೋ ಗೊತ್ತಿಲ್ಲ. ಹಲ್ಲು ನೋಯುವಾಗ ನಾಲಿಗೆ ಅಲ್ಲಿಗೇ ಹೋಗುತ್ತದಲ್ಲ, ಹಾಗೆ.

ಆ ಲಿಫ್ಟಿನಲ್ಲಿ ಒಬ್ಬಳು ಮುದುಕಿ ಸ್ಟೂಲ್ ಹಾಕಿಕೊಂಡು ಬೆಳಿಗ್ಗೆ ಎಂಟರಿಂದ ಸಂಜೆ ಐದರವರೆಗೆ ಗುಂಡಿ ಒತ್ತುತ್ತಾಳೆ. ರೋಗಿಗಳಿಗೆ ಅಂಕಿ ಕಾಣುವುದಿಲ್ಲವಲ್ಲ. ಎಲ್ಲರೂ ಅವಳನ್ನು ಗುಂಡಿಯಮ್ಮ ಎನ್ನುತ್ತಾರೆ. ನನ್ನ ಗುರುತು ಸಿಕ್ಕಿತು. "ಏನಪ್ಪಾ ರಿಪೇರಿ, ನಮ್ಮನ್ನ ಮರೆತೇಬಿಟ್ಯಾ? ಬಾ ಒಳಗೆ, ಮೇಲೆ ಬಿಡ್ತೀನಿ."

"ಬೇಡಮ್ಮ. ಡಾಕ್ಟರು ಮೆಟ್ಟಿಲು ಹತ್ತು ಅಂದಿದಾರೆ."

"ಲಿಫ್ಟ್ ರಿಪೇರಿಯವನಿಗೆ ಮೆಟ್ಟಿಲಾ! ಚೆನ್ನಾಗಿದೆ," ಎಂದು ಹಲ್ಲಿಲ್ಲದ ಬಾಯಲ್ಲಿ ನಕ್ಕಳು. ಅವಳ ಸ್ಟೂಲಿನ ಒಂದು ಕಾಲು ಗಿಡ್ಡ, ಅದರ ಕೆಳಗೆ ಮಡಿಸಿದ ಕಾಗದ ಇಟ್ಟಿದ್ದಳು.

ಅಷ್ಟರಲ್ಲಿ ನರ್ಸ್ ಒಬ್ಬಳು ನಾಲ್ಕು ಜನರನ್ನು ಸಾಲಾಗಿ ಕರೆತಂದಳು. ನಾಲ್ವರ ಕಣ್ಣಿಗೂ ಪಟ್ಟಿ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಮುಂದಿದ್ದ ಮುದುಕರು ಬಾಗಿಲ ಬಳಿ ನಿಂತು, ನನ್ನ ಉಸಿರಾಟ ಕೇಳಿಸಿತೋ ಏನೋ, ನನ್ನ ಕಡೆಗೇ ಮುಖ ತಿರುಗಿಸಿ ಕೇಳಿದರು: "ಹತ್ತಬಹುದಾ?"

ಹೂಂ ಅನ್ನಲಿಲ್ಲ, ಉಹೂಂ ಅನ್ನಲೂ ಇಲ್ಲ. ಗುಂಡಿಯಮ್ಮನೇ "ಹತ್ತಿ, ಹತ್ತಿ" ಅಂದಳು. ಅವರು ಕಾಲೆತ್ತಿ ಒಳಗಿಟ್ಟರು. ಒಂದು ಕ್ಷಣವೂ ತಡೆಯಲಿಲ್ಲ. ಬಾಗಿಲು ಮುಚ್ಚಿತು. ಬಾಗಿಲ ಮೇಲಿನ ಅಂಕಿ ಏರುವುದನ್ನೇ ನೋಡಿದೆ, ಎರಡು, ಮೂರು, ನಾಲ್ಕು. ಐದು ಬಂದಾಗ ನನ್ನ ಅಂಗಿ ಬೆನ್ನಿಗೆ ಅಂಟಿತ್ತು. ಓಡಿಬಂದುಬಿಟ್ಟೆ.

ಸೆಪ್ಟೆಂಬರ್ ೧೩, ಶನಿವಾರ

ಬೆನ್ನು ನೋವು ಎಂದು ರಜೆ ಹಾಕಿದೆ. ಬೆನ್ನು ನೋಯುತ್ತಿಲ್ಲ.

ಸೆಪ್ಟೆಂಬರ್ ೧೬, ಮಂಗಳವಾರ

ಅಕ್ಕನ ಫೋನು. ಕಣ್ಣಿನ ಪೊರೆ ತೆಗೆಸಲು ತಾರೀಖು ಕೊಟ್ಟಿದ್ದಾರಂತೆ, ಇಪ್ಪತ್ತೊಂಬತ್ತು. ಯಾವ ಆಸ್ಪತ್ರೆ ಎಂದು ಕೇಳುವ ಮೊದಲೇ ಗೊತ್ತಾಯಿತು. ಆಪರೇಷನ್ ಕೋಣೆ ಐದನೆಯ ಮಹಡಿ. ನಾಳೆ ಒಂದು ಸಲ ರಕ್ತದ ಒತ್ತಡ ನೋಡಿಸಿಕೊಳ್ಳಲು ಹೋಗಬೇಕಂತೆ.

ಬಾಯಿ ತಾನಾಗಿ ಹೇಳಿಬಿಟ್ಟಿತು. "ಅಕ್ಕ, ಮೆಟ್ಟಿಲು ಹತ್ತಿಕೊಂಡು ಹೋಗು."

"ಯಾಕೋ? ಐದು ಮಹಡಿ. ನನ್ನ ಮಂಡಿ ಏನು ಉಕ್ಕಿನದ?"

"ಲಿಫ್ಟಲ್ಲಿ ಗಾಳಿ ಇರಲ್ಲ. ನಿಂಗೆ ತಲೆ ಸುತ್ತು ಬೇರೆ. ನಿಧಾನವಾಗಿ ಹತ್ತು."

ಮೂವತ್ತು ವರ್ಷ ಮಕ್ಕಳ ಸುಳ್ಳು ಕೇಳಿದ ಕಿವಿ ಅಕ್ಕನದು. "ಮನೇಲೇ ಇರು, ಬೆಳಿಗ್ಗೆ ಬರ್ತೀನಿ," ಎಂದು ಇಟ್ಟಳು.

ಸೆಪ್ಟೆಂಬರ್ ೧೭, ಬುಧವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು.

ಏಳು ಗಂಟೆಗೇ ಅಕ್ಕ ಬಂದಳು. ಕೂರಲಿಲ್ಲ. "ಆ ಲಿಫ್ಟಿಗೆ ಏನಾಗಿದೆ?" ಅಂದಳು. ಹೆಂಡತಿ ಒಲೆಯ ಹತ್ತಿರ ನಿಂತು ಕೇಳುತ್ತಿದ್ದಳು. ಎಲ್ಲ ಹೇಳಿದೆ. ಇಲ್ಲಿ ಬರೆಯದೆ ಬಿಟ್ಟದ್ದನ್ನೂ ಹೇಳಿದೆ: ಆ ದಿನ ಏಕೆ ಅವಸರ ಮಾಡಿದೆ ಎಂಬುದನ್ನು. ಆ ಸಂಜೆ ಸಭೆಯಲ್ಲಿ ನಾನು ಸಾಕ್ಷಿ ಹೇಳಬೇಕಿತ್ತು. ದೇವರು ನನ್ನನ್ನು ಹೇಗೆ ರಕ್ಷಿಸಿದ ಎಂದು ಎಲ್ಲರ ಮುಂದೆ ನಿಂತು ಹೇಳುವುದು. ಸ್ನಾನ ಮಾಡಿ, ಇಸ್ತ್ರಿ ಅಂಗಿ ಹಾಕಿಕೊಂಡು ಆರಕ್ಕೆ ಅಲ್ಲಿರಬೇಕಿತ್ತು. ಚೆನ್ನಾಗಿ ಮಾತಾಡಿದೆ, ಕೆಲವರು ಅತ್ತರು.

ಹೆಂಡತಿ ಸೌಟು ಕೆಳಗಿಟ್ಟು ಕುರ್ಚಿಯ ಮೇಲೆ ಕೂತುಬಿಟ್ಟಳು. ಅವಳೂ ಅವತ್ತು ಅತ್ತಿದ್ದಳು.

"ಅಂದ್ರೆ," ಅಂದಳು ಅಕ್ಕ, "ನನಗೆ ಮೆಟ್ಟಿಲು. ಮಿಕ್ಕೋರಿಗೆ ಲಿಫ್ಟು."

ಹೊಡೆದಿದ್ದರೆ ವಾಸಿಯಿತ್ತು. ಏನೇನೋ ಬಡಬಡಿಸಿದೆ. ಪಶ್ಚಾತ್ತಾಪ ಪಟ್ಟಿದ್ದೇನೆ, ಎಷ್ಟೊಂದು ಒಳ್ಳೆಯ ಕೆಲಸ ಮಾಡಿದ್ದೇನೆ ಈ ಎರಡು ವಾರ, ನೀನೇ ಹೇಳಿದೆಯಲ್ಲ ಅಂದೆ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ. ನಾನು ಮಾಡು ಅಂದಿದ್ದು ಮಾಡಬೇಕಾದ್ದನ್ನ. ನೀನು ಹೋಗಿ ಪಕ್ಕದೋರ ಬೇಲಿಗೆ ಬಣ್ಣ ಬಳಿದೆ!"

"ಶಿಲುಬೆ ಮೇಲಿನ ಕಳ್ಳ ಏನೂ ಮಾಡಲಿಲ್ವಲ್ಲಕ್ಕ. ನಂಬಿದ ಅಷ್ಟೆ. ಅವನಿಗೆ..."

"ಅವನ ಕೈಗೆ ಮೊಳೆ ಹೊಡೆದಿದ್ರು ಕಣೋ," ಅಂದಳು ಅಕ್ಕ. "ನಿನ್ನ ಕೈಗೆ ಏನಾಗಿದೆ?"

ನನ್ನ ಕೈ ನೋಡಿಕೊಂಡೆ. ಉಗುರಿನಲ್ಲಿ ಗ್ರೀಸು ಬಿಟ್ಟರೆ ಏನೂ ಆಗಿರಲಿಲ್ಲ.

ಅಷ್ಟಾದರೂ ನೆಟ್ಟಗೆ ಆಫೀಸಿಗೆ ಹೋಗಲಿಲ್ಲ ನಾನು, ಎಂಥ ಹೇಡಿ. ಸಭಾಪಾಲಕರ ಬಳಿಗೆ ಓಡಿದೆ. ಅವರು ಬೇಡ ಅಂದುಬಿಟ್ಟರೆ, ಎಲ್ಲ ಕ್ಷಮೆಯಾಗಿದೆ ಎಂದು ಇನ್ನೊಂದು ಸಲ ಹೇಳಿಬಿಟ್ಟರೆ ಎಂಬ ಆಸೆ. ಈ ಸಲ ಒಬ್ಬ ಮನುಷ್ಯ ಎನ್ನಲಿಲ್ಲ, ನಾನು ಎಂದೇ ಶುರು ಮಾಡಿದೆ. ಕೇಳುತ್ತ ಅವರ ಮುಖ ಬಿಳಿಚಿಕೊಂಡಿತು.

"ಅವತ್ತೇ ಏನು ತಪ್ಪು ಅಂತ ಕೇಳಬೇಕಾಗಿತ್ತು ನಾನು," ಅಂದರು. "ನೀವು ಕ್ಷಮೆ ಕೇಳ್ತಿದೀರಿ ಅಂದ್ಕೊಂಡೆ. ನೀವು ಕೇಳ್ತಿದ್ದದ್ದು ರಜೆ."

"ಹಾಗಾದ್ರೆ ಅವತ್ತು ಹೇಳಿದ್ದು ಸುಳ್ಳಾ, ಅಯ್ಯನವರೇ? ಹೋಗಿ ಹೇಳಿದ್ರೆ ಮಾತ್ರ ರಕ್ಷಣೆಯಾ?"

"ಅಲ್ಲ. ಇವತ್ತೂ ಅದನ್ನೇ ಹೇಳ್ತೀನಿ. ನಿಮ್ಮನ್ನ ಹಿಡಿದಿರೋದು ನಿಮ್ಮ ಕೆಲಸ ಅಲ್ಲ, ಆತನ ಕೈ. ಅದಕ್ಕೇ ಈಗ ಹೋಗಿ. ಕೈ ಬಿಡಲ್ಲ ಅಂತ ನಂಬಿದೋನು ತಾನೇ ಇಂಥ ಕಡೆ ಕಾಲಿಡೋಕೆ ಆಗೋದು? ನಂಬಿದೀನಿ ಅಂತ ಮನೇಲಿ ಕೂತ್ರೆ, ಏನನ್ನ ನಂಬಿದ ಹಾಗಾಯ್ತು?" ಚಪ್ಪಲಿ ಮೆಟ್ಟಿಕೊಂಡರು. "ನಡೀರಿ. ಗೇಟಿನ ತನಕ ನಾನೂ ಬರ್ತೀನಿ. ಮೊದಲು ಫೋನ್ ಮಾಡಿ, ಆ ಲಿಫ್ಟ್ ನಿಲ್ಲಿಸಿ."

ಅವರ ವರಾಂಡದಿಂದಲೇ ಆಸ್ಪತ್ರೆಗೆ ಫೋನ್ ಮಾಡಿದೆ. ನರ್ಸುಗಳ ಮುಖ್ಯಸ್ಥೆ ಮೇಟ್ರನ್ ಕಿರುಚಿದರು. ನಿಲ್ಲಿಸಿದರು. ಆಮೇಲೆ ಆಫೀಸು. ಗೇಟಿನಿಂದ ಮ್ಯಾನೇಜರ ಕೋಣೆಗೆ ನಲವತ್ತು ಹೆಜ್ಜೆ ಇರಬಹುದು, ಎಣಿಸುತ್ತ ನಡೆದೆ. ಮ್ಯಾನೇಜರು ನಾನು ಹೇಳಿದ್ದನ್ನು ಮೂರು ಸಲ ಹೇಳಿಸಿದರು, ಬರೆಸಿಕೊಂಡರು, ಪರವಾನಗಿ ಪುಸ್ತಕ ಇಸಿದುಕೊಂಡರು. ಪೊಲೀಸರ ವಿಷಯ ಆಸ್ಪತ್ರೆಯವರಿಗೆ ಬಿಟ್ಟದ್ದು ಎಂದರು. ಹೊರಗೆ ಬಂದಾಗ ಉದ್ದಣ್ಣ ನನ್ನನ್ನು ನೋಡಿ ಮುಖ ತಿರುಗಿಸಿದ. ಸಭಾಪಾಲಕರು ಇನ್ನೂ ಗೇಟಿನಲ್ಲೇ ನಿಂತಿದ್ದರು.

ಹೆದರಿಕೆ ಹೋಗಿಲ್ಲ. ಪೊಲೀಸರು ಬಂದರೇನೋ ಎಂದು ಬಾಗಿಲ ಕಡೆಗೇ ಕಿವಿ.

ಸೆಪ್ಟೆಂಬರ್ ೧೯, ಶುಕ್ರವಾರ

ಹೊಸ ದವಡೆ ಬರಲು ನಾಳೆಯಾಗುತ್ತದಂತೆ. ಲಿಫ್ಟು ನಿಂತಿದೆ, ಆಪರೇಷನ್ ನಿಂತಿಲ್ಲ. ಪಟ್ಟಿ ಕಟ್ಟಿಸಿಕೊಂಡವರು ಐದು ಮಹಡಿ ಇಳಿಯಬೇಕಲ್ಲ, ನಿನ್ನೆಯೂ ಇವತ್ತೂ ಅಲ್ಲಿಗೇ ಹೋಗಿದ್ದೆ. ಮೇಟ್ರನ್ ನನ್ನನ್ನು ಕಂಡು ಒಂದು ಮಾತೂ ಆಡದೆ ಮೆಟ್ಟಿಲಿನ ಕಡೆ ಕೈ ತೋರಿಸಿದರು. ಮಂಡಿ ನೋಯುತ್ತಿದೆ. ಮೂರನೆಯ ಮಹಡಿಯ ತಿರುವಿನಲ್ಲಿ ಒಂದು ಮೆಟ್ಟಿಲು ಎತ್ತರ ಜಾಸ್ತಿ, ಅಲ್ಲಿ ಮುಂಚೆಯೇ ಹೇಳಬೇಕು, ಇಲ್ಲದಿದ್ದರೆ ಬೆಚ್ಚುತ್ತಾರೆ.

ಒಬ್ಬರು ನನ್ನ ಹೆಗಲು ಹಿಡಿದು ಇಳಿಯುತ್ತ ಕೇಳಿದರು, "ನೀವು ಆಸ್ಪತ್ರೆಯವರಾ?"

"ಅಲ್ಲ ಸ್ವಾಮಿ. ಲಿಫ್ಟು ನಿಂತಿದ್ದು ನನ್ನಿಂದ."

"ಸರಿ, ನಡೀರಿ," ಅಂದರು. ಹೆಗಲು ಬಿಡಲಿಲ್ಲ.

ತೆಳ್ಳಗಿನ ಒಬ್ಬಾಕೆಯನ್ನು ಕುರ್ಚಿಯಲ್ಲಿ ಕೂರಿಸಿ ಇಬ್ಬರು ಹೊತ್ತು ಇಳಿಸಿದೆವು. ಅವರ ಚೀಲ ಮೇಲೆಯೇ ಉಳಿದಿತ್ತು, ಮತ್ತೆ ಹತ್ತಿದೆ. ನಾಳೆ ಪರೀಕ್ಷೆ. ನಿದ್ದೆ ಬರುವಂತಿಲ್ಲ.

ಸೆಪ್ಟೆಂಬರ್ ೨೦, ಶನಿವಾರ

ಉದ್ದಣ್ಣ ಪರೀಕ್ಷೆ ಮಾಡಿದ. ನಾನು ಮೂಟೆ ಹೊರುವವನು. ಸಹಿ ಇಲ್ಲದವನಿಗೆ ಮೂಟೆ ಹೊರಬಾರದೆಂದೇನೂ ಇಲ್ಲವಲ್ಲ.

ಹೊಸ ದವಡೆ ಹಾಕುವ ಮೊದಲು ಹಳೆಯದು ಹೇಗಿದೆ ಎಂದು ನೋಡಲೇಬೇಕು ಅಂದ ಉದ್ದಣ್ಣ. ಒಳಗೆ ಯಾರೂ ಇಲ್ಲ, ಬರೀ ಮರಳು. ಮೇಲೆ ಮೋಟಾರು ಕೋಣೆಯಲ್ಲಿ ಅವನು ದವಡೆಗಳನ್ನು ಎಬ್ಬಿಸುವ ಕೊಂಡಿಯನ್ನು ಕೈಯಿಂದ ಬೀಳಿಸಿದ. ಎಡಗಡೆಯ ದವಡೆ ಕಂಬಿಯನ್ನು ಕಚ್ಚಿತು. ಬಲಗಡೆಯದು ಅಲ್ಲಾಡಲೇ ಇಲ್ಲ. ಪೆಟ್ಟಿಗೆ ಒಂದು ಕಡೆಗೆ ವಾಲಿ, ಕಿರ್ರೋ ಎಂದು ಕೆರೆಯುತ್ತ, ನಿಲ್ಲದೆ ಜಾರಿತು. ಉದ್ದಣ್ಣ ಮೋಟಾರಿನ ಬ್ರೇಕು ಹಾಕದಿದ್ದರೆ ತಳಕ್ಕೇ ಹೋಗುತ್ತಿತ್ತು.

ಅಂದರೆ ಹತ್ತು ತಿಂಗಳು ಏನೂ ಇರಲಿಲ್ಲ. ಹಗ್ಗ ಒಂದು ಬಿಟ್ಟರೆ ಏನೇನೂ ಇರಲಿಲ್ಲ. ಗೋಡೆ ಹಿಡಿದು ಕೂತೆ. ಆ ಹೆಗಲ ಸಾಲು ನೆನಪಾಯಿತು, ಸಾವಿರಾರು ಜನ.

ಗುಂಡಿಯಮ್ಮ ಬಾಗಿಲ ಬಳಿ ನಿಂತು ಎಲ್ಲ ನೋಡಿದ್ದಳು. "ಹತ್ತು ತಿಂಗಳು ನನ್ನನ್ನ ಇದರೊಳಗೆ ಕೂರಿಸಿದ್ದೆಯಲ್ಲಪ್ಪ," ಅಂದಳು. "ಬಾ ಒಳಗೆ ಅಂದ್ರೆ ಡಾಕ್ಟರು ಮೆಟ್ಟಿಲು ಹತ್ತು ಅಂದಿದಾರೆ ಅಂದೆ." ನಾನು ಕ್ಷಮಿಸಮ್ಮ ಅಂದೆ. ಅವಳು ಸ್ಟೂಲನ್ನು ಎತ್ತಿಕೊಂಡು ಹೋಗಿ ದೂರದಲ್ಲಿ ಬೆನ್ನು ತಿರುಗಿಸಿ ಕೂತಳು.

ಹಳೆಯದನ್ನು ಬಿಚ್ಚಿ ಹೊಸದು ಹಾಕುವಷ್ಟರಲ್ಲಿ ಮೂರು ಗಂಟೆಯಾಯಿತು. ಮತ್ತೆ ಮೂಟೆ, ಮತ್ತೆ ಕೊಂಡಿ. ಕಟ್ ಎಂದು ಒಂದೇ ಸದ್ದು. ಎರಡೂ ಕಚ್ಚಿ ಪೆಟ್ಟಿಗೆ ನಿಂತ ಜಾಗದಲ್ಲೇ ನಿಂತಿತು, ಕಂಬಿಯ ಮೇಲೆ ಎರಡು ಕಡೆಯೂ ಒಂದೇ ಉದ್ದದ ಗೀರು. ಉದ್ದಣ್ಣ ಸಹಿ ಹಾಕಿದ. ಮೂಟೆ ಇಳಿಸಿ, ಪೆಟ್ಟಿಗೆಯನ್ನು ಐದನೆಯ ಮಹಡಿಗೆ ತಂದು ನಿಲ್ಲಿಸಿದೆವು. ಮೊದಲು ಹತ್ತಬೇಕಾದವನು ಅವನು. ಅವನು ಬಾಗಿಲ ಬಳಿ ತಲೆ ಬಗ್ಗಿಸಿ ನಿಂತು, ಮೂರು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿದ.

"ಹೋದ ನವೆಂಬರಿನ ಸವಾರಿ ಲೆಕ್ಕಕ್ಕಿಲ್ಲ, ಬಾಕಿ ಇದೆ ನಿಂದು," ಅಂದ. "ಹತ್ತು. ಆಮೇಲೆ ನಾನು."

ಹತ್ತಿದೆ. ಬಾಗಿಲು ಮುಚ್ಚಿತು. ಕಣ್ಣಾರೆ ನೋಡಿದ್ದೇನೆ, ಎರಡೂ ಕಚ್ಚಿದ್ದನ್ನು. ಆದರೂ ಗೋಡೆಗೆ ಕೈ ಊರಿಕೊಂಡೆ. ನೋಡಿದ್ದು ಬೇರೆ, ಕಾಲಿಡುವುದು ಬೇರೆ. ನಾಲ್ಕು, ಮೂರು. ಮೂಲೆಯಲ್ಲಿ ಗುಂಡಿಯಮ್ಮನ ಮಡಿಸಿದ ಕಾಗದ ಬಿದ್ದಿತ್ತು, ಮೆಟ್ಟಿ ಮೆಟ್ಟಿ ಕಪ್ಪಾಗಿತ್ತು. ಎತ್ತಿ ಜೇಬಿನಲ್ಲಿಟ್ಟುಕೊಂಡೆ, ಅಳತೆಗೆ. ಅಷ್ಟು ದಪ್ಪದ ರಬ್ಬರು ನನ್ನ ಟೂಲ್ ಬಾಕ್ಸಿನಲ್ಲಿ ಇದೆ.

ಸೆಪ್ಟೆಂಬರ್ ೨೯, ಸೋಮವಾರ

ಮಧ್ಯೆ ಬರೆಯಲು ಹೊತ್ತಾಗಲಿಲ್ಲ. ಒಂದು ವರ್ಷ ಸಹಿ ಹಾಕುವಂತಿಲ್ಲ ಎಂದು ಆಫೀಸಿನ ತೀರ್ಪು, ಉದ್ದಣ್ಣನ ಕೈಕೆಳಗೆ ಕೆಲಸ. ಆಸ್ಪತ್ರೆಯವರು ಪೊಲೀಸರಿಗೆ ಕೊಡುವ ವಿಷಯ ಇನ್ನೂ ತೀರ್ಮಾನಿಸಿಲ್ಲ. ಮನೆಯಲ್ಲಿ ನಾಲ್ಕು ದಿನ ಹೆಂಡತಿ ಮಾತಾಡಲಿಲ್ಲ. ಐದನೆಯ ದಿನ, "ಸಭೇಲಿ ಇನ್ನೊಂದ್ಸಲ ಸಾಕ್ಷಿ ಹೇಳಿ, ಈ ಸಲ ನಿಜದ್ದು," ಅಂದಳು. ಹೂಂ ಅಂದಿದ್ದೇನೆ.

ಇವತ್ತು ಅಕ್ಕನ ಆಪರೇಷನ್. ಹನ್ನೊಂದಕ್ಕೆ ಮುಗಿಯಿತು. ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಕಣ್ಣು ಮೊದಲೇ ಮಂಜು. ಕೈ ಹಿಡಿದು ವರಾಂಡಕ್ಕೆ ಕರೆತಂದೆ. ಅಕ್ಕ ನಿಂತಳು.

"ಮೆಟ್ಟಿಲಾ, ಲಿಫ್ಟಾ?"

"ಲಿಫ್ಟು."

"ಸಹಿ ಯಾರದು?"

"ಉದ್ದಣ್ಣಂದು."

"ಹಾಗಾದ್ರೆ ಪರವಾಗಿಲ್ಲ," ಎಂದು ನನಗಿಂತ ಮೊದಲು ಕಾಲೆತ್ತಿ ಒಳಗಿಟ್ಟಳು. ಗುಂಡಿಯಮ್ಮ ಎದ್ದು ತನ್ನ ಸ್ಟೂಲ್ ಅಕ್ಕನಿಗೆ ಕೊಟ್ಟಳು. ಸ್ಟೂಲು ಅಲುಗಲಿಲ್ಲ. ಹೋದ ಸೋಮವಾರ ರಬ್ಬರು ಹಾಕಿಕೊಟ್ಟಾಗಲೂ ಅವಳು ನನ್ನೊಂದಿಗೆ ಮಾತಾಡಿರಲಿಲ್ಲ, ಇವತ್ತೂ ಇಲ್ಲ. ಮೂರನೆಯ ಮಹಡಿಯ ಬಳಿ ಪೆಟ್ಟಿಗೆ ಸ್ವಲ್ಪ ಕುಲುಕಿತು. ಅಕ್ಕ ನನ್ನ ಕೈ ಗಟ್ಟಿಯಾಗಿ ಹಿಡಿದಳು.

"ಹೆದರಿಕೆ ಆಗುತ್ತೇನೋ?"

"ಆಗುತ್ತಕ್ಕ."

"ನಂಗೂ. ಕೈ ಬಿಡಬೇಡ."

ಕೆಳಗೆ ಬಾಗಿಲು ತೆರೆಯಿತು. ಮೊನ್ನೆ ಪಟ್ಟಿ ಕಟ್ಟಿಸಿಕೊಂಡವರು ಬಿಚ್ಚಿಸಿಕೊಳ್ಳಲು ಬಂದಿದ್ದರು, ಐದಾರು ಜನ, ಒಬ್ಬರ ಹೆಗಲ ಮೇಲೆ ಇನ್ನೊಬ್ಬರ ಕೈ. ಮುಂದಿದ್ದ ಹೆಂಗಸು ಬಾಗಿಲ ಚೌಕಟ್ಟು ತಡವಿ, ಒಳಗೆ ಯಾರೋ ಇದ್ದಾರೆಂದು ತಿಳಿದು ಕೇಳಿದರು: "ಹತ್ತಬಹುದಾ?"

ಗುಂಡಿಯಮ್ಮ ಬಾಯಿ ತೆರೆಯಲಿಲ್ಲ. ನನ್ನನ್ನೇ ನೋಡುತ್ತ ಕಾದಳು.

"ಹತ್ತಿ," ಅಂದೆ. ಅವರೆಲ್ಲ ಒಳಗೆ ಬರುವವರೆಗೆ ಬಾಗಿಲು ಹಿಡಿದು ನಿಂತಿದ್ದೆ.